ಎಂಜಿನ್ನಿನ ಎರಡು ಹೋಳು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ನನ್ನ ಯೆಜ್ಡಿ ಮಾತ್ರ ಸೇಡಂ–ಚಿತ್ತಾಪುರ ರಸ್ತೆಯಲ್ಲಿ ಇನ್ನೂ ಓಡುತ್ತಿದೆ. ಈಚೆಗೆ ಅದರ ಎಂಜಿನ್ ಬಿಚ್ಚಿಸಬೇಕಾಯಿತು. ಬಿಚ್ಚಿದ ಶಹಾಬಾದಿನ ಮಿಸ್ತ್ರಿ ನನ್ನ ಹಳೆಯ ವಿದ್ಯಾರ್ಥಿ.

ಎಂಜಿನ್ನಿನ ಕೆಳಭಾಗವಾದ ಕ್ರ್ಯಾಂಕ್‌ಕೇಸ್ ಎರಡು ಅಲ್ಯೂಮಿನಿಯಂ ಹೋಳುಗಳ ಜೋಡಣೆ. ಟೂ-ಸ್ಟ್ರೋಕ್ ಎಂಜಿನ್ನಿಗೆ ಅದು ಬರಿಯ ಪೆಟ್ಟಿಗೆಯಲ್ಲ, ಶ್ವಾಸಕೋಶವಿದ್ದಂತೆ. ಪಿಸ್ಟನ್ ಮೇಲೇರಿದಾಗ ಪೆಟ್ರೋಲು, ಆಯಿಲು, ಗಾಳಿಯ ಮಿಶ್ರಣ ಅದರೊಳಗೆ ಬರುತ್ತದೆ. ಪಿಸ್ಟನ್ ಇಳಿದಾಗ ಒತ್ತಡಕ್ಕೆ ಸಿಕ್ಕು ಸಿಲಿಂಡರಿಗೆ ಏರುತ್ತದೆ. ಹೋಳುಗಳ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಹೊರಗಿನ ಗಾಳಿ ನುಗ್ಗಿ ಪೆಟ್ರೋಲಿನ ಪಾಲು ಕುಗ್ಗುತ್ತದೆ. ಎಂಜಿನ್ ಅತಿಯಾಗಿ ಕಾದು ಪಿಸ್ಟನ್ ಹಿಡಿದುಕೊಳ್ಳಬಹುದು. ವೇಗದಲ್ಲಿ ಹಾಗಾದರೆ ಹಿಂದಿನ ಚಕ್ರವೇ ನಿಂತು ಸವಾರನ ಜೀವಕ್ಕೆ ಅಪಾಯ.

“ಗಮ್ ದಪ್ಪಗೆ ಹಚ್ಚಿದರಾಯಿತಲ್ಲವೇನಪ್ಪ?” ಎಂದು ಕೇಳಿದೆ.

“ಗಮ್ ಹಚ್ಚೋದು ಐದು ನಿಮಿಷದ ಕೆಲಸರಿ ಸರ್. ಅದಕ್ಕೂ ಮೊದ್ಲ ಸಾಫ್ ಮಾಡೋದೇ ದಿನದ ಕೆಲಸ.”

ಮಾತು ಶಾಸ್ತ್ರಕ್ಕೆ ಸರಿ. ಸಂದು ಮುಚ್ಚುವುದು ಮುಖ್ಯವಾಗಿ ಸಪಾಟಾದ ಅಂಚು ಮತ್ತು ಸಮನಾಗಿ ಬಿಗಿದ ಬೋಲ್ಟು. ಗಮ್ ತುಂಬುವುದು ಸಣ್ಣ ಗೀರುಗಳನ್ನಷ್ಟೇ. ಹೆಚ್ಚಾದರೆ ಒಳಗೆ ಉಕ್ಕಿ ಆಯಿಲಿನ ದಾರಿ ಕಟ್ಟಬಹುದು. ಅವನು ಹಳೆಯ ಗಮ್ಮನ್ನು ಚಾಕುವಿನಿಂದ ಕೆರೆಯಲಿಲ್ಲ. ಮೆತ್ತನೆಯ ಲೋಹಕ್ಕೆ ಗೀರು ಬೀಳುತ್ತದೆಂದು ಥಿನ್ನರ್ ಹಚ್ಚಿ, ನೆನೆಸಿ ಒರೆಸಿದ. ತೆಳ್ಳಗೆ ಗಮ್ ಬಳಿದು, ಎದುರುಬದುರಿನ ಬೋಲ್ಟುಗಳನ್ನು ಸ್ವಲ್ಪಸ್ವಲ್ಪವೇ ಬಿಗಿದ.

ಮಗ ಗ್ಯಾರೇಜು ಸೇರಿದ, ಓದು ಹಾಳಾಯಿತು ಎಂದು ಇವನ ತಂದೆ ಹಿಂದೊಮ್ಮೆ ನನ್ನೆದುರು ಕಣ್ಣೀರಿಟ್ಟಿದ್ದರು. ಪಾಲಕರೇ, ಒತ್ತಡದ ಪಾಠವನ್ನು ಪರೀಕ್ಷೆಗಾಗಿ ಬರೆದವರು ಬಹಳ ಜನ. ಇವನು ಅದನ್ನು ಕೈಯಿಂದ ಓದಿದ್ದಾನೆ.