ಸೆನೋರಾ ಎಂಬ ಹೆಸರು

ಎಡ್ವರ್ಡ್ ಡಿಮಿಟ್ರಿಕ್ ನಿರ್ದೇಶನದ ‘ಬ್ರೋಕನ್ ಲ್ಯಾನ್ಸ್’ (1954) ಚಿತ್ರವನ್ನು ಲಿಯರ್ ದೊರೆಯ ಕಥೆಯೊಡನೆ ಇಟ್ಟು ಚರ್ಚಿಸುವುದು ರೂಢಿ. ಅರಿಜೋನಾದಲ್ಲಿ ದನಕರುಗಳ ದೊಡ್ಡ ರ‍್ಯಾಂಚಿನ ಒಡೆಯ ಮ್ಯಾಟ್ ಡೆವೆರೊ, ನಾಲ್ವರು ಗಂಡುಮಕ್ಕಳು, ಆಸ್ತಿ ಹಂಚಿದ ಮೇಲೆ ಹಿರಿಯ ಮಗ ಬೆನ್ ತಂದೆಗೇ ತಿರುಗಿಬೀಳುತ್ತಾನೆ. ಹೋಲಿಕೆ ಸುಳ್ಳಲ್ಲ. ಆದರೂ ನಾಟಕವನ್ನು ಪಾಠ ಹೇಳುತ್ತ ಬಂದ ನನಗೆ, ಚಿತ್ರವನ್ನು ನೋಡಿದಾಗಲೆಲ್ಲ, ಮ್ಯಾಟ್‌ನ ಎರಡನೆಯ ಹೆಂಡತಿಯೇ ಹೆಚ್ಚಾಗಿ ಕಾಡುತ್ತಾಳೆ.

ಇದೇ ಕಥೆ 1949ರಲ್ಲಿ ‘ಹೌಸ್ ಆಫ್ ಸ್ಟ್ರೇಂಜರ್ಸ್’ ಆಗಿ ತೆರೆಗೆ ಬಂದಿತ್ತು. (ಐದು ವರ್ಷಗಳ ತರುವಾಯ ಫಿಲಿಪ್ ಯೋರ್ಡಾನರಿಗೆ ‘ಅತ್ಯುತ್ತಮ ಕಥೆ’ಯ ಆಸ್ಕರ್ ದೊರೆತದ್ದು ಒಂದು ವಿನೋದ.) ಅಲ್ಲಿ ತಂದೆ ನ್ಯೂಯಾರ್ಕಿನ ಇಟಾಲಿಯನ್ ಮೂಲದ ಬ್ಯಾಂಕರು, ಮಕ್ಕಳೆಲ್ಲ ಒಬ್ಬಳೇ ತಾಯಿಯವರು. ಬ್ಯಾಂಕಿನ ಜಾಗಕ್ಕೆ ಭೂಮಿ ಬಂದಾಗ ಕಥೆಗೆ ಇನ್ನೊಬ್ಬ ತಾಯಿ ಬೇಕಾದಳು: ಕೊಮಾಂಚಿ ಬುಡಕಟ್ಟಿನವಳು, ಕಿರಿಯ ಮಗ ಜೋನನ್ನು ಹೆತ್ತವಳು. ಊರಿನವರು ಅವಳನ್ನು ‘ಸೆನೋರಾ’ ಎನ್ನುತ್ತಾರೆ. ಗೌರವದ ಸಂಬೋಧನೆಯೇ ಸರಿ. ಆದರೆ ಆ ಸ್ಪ್ಯಾನಿಷ್ ಪದದ ಮರೆಯಲ್ಲಿ ಅವಳ ಕುಲವನ್ನು ಯಾರೂ ಉಚ್ಚರಿಸಬೇಕಾಗಿಲ್ಲ. ತನ್ನ ಮಗಳು ಜೋನನ್ನು ಮೆಚ್ಚಿದ್ದಾಳೆಂದು ತಿಳಿದಾಗ ಗವರ್ನರ್ ಆ ಮರೆಯನ್ನು ಸರಿಸುತ್ತಾನೆ, ಅದೂ ಬಹಳ ಸಭ್ಯವಾಗಿ.

ತಾಮ್ರ ಕರಗಿಸುವ ಕಾರ್ಖಾನೆಯ ವಿಷ ತೊರೆಗೆ ಸೇರಿ ದನಗಳು ಸಾಯುತ್ತವೆ. ಮ್ಯಾಟ್ ಕಾರ್ಖಾನೆಯ ಮೇಲೆ ದಾಳಿ ಮಾಡುತ್ತಾನೆ. ತಪ್ಪನ್ನು ತಲೆಯ ಮೇಲೆ ಹೊತ್ತು ಮೂರು ವರ್ಷ ಸೆರೆಗೆ ಹೋಗುವವನು ಜೋ. ಮರಳಿದ ಮಗನಿಗೆ ಸೇಡು ಬೇಡವೆಂದು ಹೇಳುವವಳು ಅದೇ ತಾಯಿ. ಆ ಪಾತ್ರದಲ್ಲಿ ಮೆಕ್ಸಿಕೋದ ನಟಿ ಕೇಟಿ ಹುರಾಡೊ ಕಣ್ಣುಗಳಿಂದಲೇ ಬಹಳಷ್ಟನ್ನು ನುಡಿಯುತ್ತಾರೆ. ಅವರ ಹೆಸರು ಆಸ್ಕರ್‌ಗೆ ಸೂಚಿತವೂ ಆಯಿತು. ಪಾತ್ರದ ಹೆಸರು ಮಾತ್ರ ಪಾತ್ರಪಟ್ಟಿಯಲ್ಲಿಯೂ ಸೆನೋರಾ ಡೆವೆರೊ.