ದೋಣಿಯ ದೀಪ

ನಮ್ಮ ಮೊರಬ ನವಲಗುಂದ ತಾಲೂಕಿನ ಎರೆಭೂಮಿಯ ಊರು. ಈ ಸೀಮೆಯಲ್ಲಿ ನೀರಿನ ಆರ್ಭಟವೆಂದರೆ ಮಳೆಗಾಲದಲ್ಲಿ ಉಕ್ಕುವ ಬೆಣ್ಣಿಹಳ್ಳದಂಥ ಹಳ್ಳಗಳದ್ದೇ. ಇಲ್ಲಿ ಹುಟ್ಟಿ ಬೆಳೆದವನಿಗೆ ದೋಣಿಯ ಮಾತೇಕೆ ಎಂದು ಓದುಗರು ಕೇಳಬಹುದು. ಬಿ.ಎಡ್. ಮುಗಿಸಿ ವಿಜ್ಞಾನ ಶಿಕ್ಷಕನಾದ ನಾನು ಸೇವೆಯ ಕೆಲವು ವರ್ಷಗಳನ್ನು ಕಳೆದದ್ದು ಹೊನ್ನಾವರದ ಕಡೆ, ಶರಾವತಿಯು ಕಡಲು ಸೇರುವ ಅಳಿವೆಯ ಸಮೀಪದ ಒಂದು ಪ್ರೌಢಶಾಲೆಯಲ್ಲಿ.

1996ರ ಒಂದು ಸಂಜೆ ಹಳೆಯ ಶಿಷ್ಯನೊಬ್ಬ ಮನೆಗೆ ಬಂದ. ಹತ್ತನೆಯ ತರಗತಿ ಮುಗಿಸಿ ತಂದೆಯೊಡನೆ ಮೀನುಗಾರಿಕೆಗೆ ಇಳಿದಿದ್ದ. ಎಂಟು ಮೀಟರಿನ ದೋಣಿ, ಹಿಂಬದಿಗೆ ಔಟ್‌ಬೋರ್ಡ್ ಎಂಜಿನ್. ಬೆಳಕಿಗೆ ಮಾತ್ರ ಅದುವರೆಗೂ ಲಾಟೀನು. "ಸರ್, ಬ್ಯಾಟರಿ ತಂದಿದ್ದೆ. ದೀಪ ಹಾಕುದು ಹ್ಯಾಂಗೆ ಹೇಳಿ" ಎಂದ.

ಕಾಗದದ ಮೇಲೆ ಚಿತ್ರ ಬರೆದುಕೊಟ್ಟೆ. ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಮೇಲೆ ಬಿಳಿ; 1972ರ ಅಂತರರಾಷ್ಟ್ರೀಯ ನಿಯಮಗಳು ದೋಣಿಗಳು ಒಂದನ್ನೊಂದು ಗುರುತಿಸಲು ಹೇಳಿರುವ ದೀಪಗಳಿವು. (ಮೀನನ್ನು ಸೆಳೆಯಲು ಹಚ್ಚುವ ದೀಪದ ಕಥೆ ಬೇರೆ, ಅದನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿತು.) ಮೂರೂ ಸೇರಿ 24 ವ್ಯಾಟ್, 12 ವೋಲ್ಟ್ ಬ್ಯಾಟರಿ, ಅಂದರೆ 2 ಆಂಪಿಯರ್. "ಮನೆಗೆ ಹಾಕುವ ಒಂಟಿ ಎಳೆಯ ತಾಮ್ರದ ವಾಯರ್ ಧಾರಾಳವಾಗಿ ಸಾಕು" ಎಂದೆ. ಆ ಸಂಜೆ ನನ್ನ ಬಗ್ಗೆ ನನಗೇ ಹೆಮ್ಮೆಯೆನಿಸಿತ್ತು.

ಮುಂದಿನ ವರ್ಷದ ಫೆಬ್ರವರಿಯ ಒಂದು ರಾತ್ರಿ ಅವರು ಅಳಿವೆ ದಾಟಿ ಮರಳುತ್ತಿದ್ದಾಗ ದೀಪಗಳು ಮಂಕಾಗಿ, ಬಳಿಕ ಪೂರ್ತಿ ಆರಿದವು. ಎದುರಿಗೆ ಕಡಲಿಗೆ ಹೊರಟ ಟ್ರಾಲರ್ ಬೋಟೊಂದು ಬರುತ್ತಿತ್ತು. ತಂದೆ ಎದ್ದು ನಿಂತು ಟಾರ್ಚ್ ಬೀಸಿದ. ಕೊನೆಯ ಗಳಿಗೆಯಲ್ಲಿ ಬೋಟು ತಿರುಗಿತು. ಆದರೆ ಅದರ ಅಲೆಗೆ ದೋಣಿ ಹೊಯ್ದಾಡಿ, ಆತ ಎಂಜಿನ್ನಿನ ಮೇಲೆ ಬಿದ್ದು ಬಲಗೈ ಮುರಿಯಿತು. ಮೂಳೆ ಕೂಡಿತು, ಮತ್ತೆ ಬಲೆ ಎಳೆಯುವಷ್ಟು ಬಲ ಆ ಕೈಗೆ ಬರಲಿಲ್ಲ. ತಂದೆಯಾಗಲಿ ಮಗನಾಗಲಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ.

ಹುಡುಗ ಆ ವಾಯರಿನ ತುಂಡೊಂದನ್ನು ತಂದು ತೋರಿಸಿದ. ಹೊರಗಿನ ಪ್ಲಾಸ್ಟಿಕ್ ಹೊಸದರಂತಿತ್ತು. ಸೀಳಿದರೆ ಒಳಗೆ ಹಸಿರು ಪುಡಿ. ಬೆರಳಲ್ಲಿ ಬಗ್ಗಿಸಿದೊಡನೆ ತಾಮ್ರ ಮುರಿಯಿತು.

ನನ್ನ ಲೆಕ್ಕದಲ್ಲಿ ಎರಡು ತಪ್ಪುಗಳಿದ್ದವು. ಒಂದು, ತಂತಿಯ ಉದ್ದವನ್ನು ಹೋಗುವ ದಾರಿಗಷ್ಟೇ ಎಣಿಸಿದ್ದೆ. ವಿದ್ಯುತ್ತು ಬ್ಯಾಟರಿಗೆ ಮರಳಲೂಬೇಕು. ಎಂಟು ಮೀಟರಿನ ದೋಣಿಗೆ ಹದಿನಾರು ಮೀಟರ್ ತಂತಿ. ಒಂದು ಚದರ ಮಿಲಿಮೀಟರಿನ ತಾಮ್ರದಲ್ಲಿ ಅಲ್ಲಿಗೇ ಅರ್ಧ ವೋಲ್ಟ್ ಖರ್ಚು. ಇದು ಸಣ್ಣ ತಪ್ಪು. ದೊಡ್ಡದು, ಉಪ್ಪನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದುದು. ಮೊರಬದ ಮನೆಯಲ್ಲಿ ವಾಯರಿಗೆ ಶತ್ರುವೆಂದರೆ ಇಲಿ. ಕಡಲಲ್ಲಿ ಉಪ್ಪುನೀರು ಟೇಪು ಸುತ್ತಿದ ಜೋಡಣೆಯೊಳಗೆ ಇಳಿದು ತಾಮ್ರವನ್ನು ತಿನ್ನುತ್ತದೆ. ಜೋಡಣೆಯಲ್ಲಿ ಒಂದೇ ಓಮ್ ರೋಧ ಹುಟ್ಟಿದರೂ 2 ವೋಲ್ಟ್ ಅಲ್ಲೇ ಹೋಗಿ, ಬಲ್ಬಿನ ಬೆಳಕು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಎಂಜಿನ್ನಿನ ನಡುಕ ಒಂಟಿ ಎಳೆಯನ್ನು ಮುರಿಯುವುದು ಆಮೇಲಿನ ಮಾತು. ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಲ್ಲಿ ಕೊರತೆಯೇನೂ ಇರಲಿಲ್ಲ. ಕಪ್ಪು ಹಲಗೆಯ ಮೇಲೆ ಅದನ್ನು ಬರೆಯುವವನು ದೋಣಿಯನ್ನು ಒಮ್ಮೆಯೂ ಹತ್ತಿ ನೋಡಿರಲಿಲ್ಲ, ಅಷ್ಟೇ.

ಬಳಿಕ ಓದಿ, ಮೆಕ್ಯಾನಿಕ್‌ಗಳನ್ನು ಕೇಳಿ ಕಲಿತೆ. ಬೇಕಾದದ್ದು ತವರ ಲೇಪಿಸಿದ ಹಲವೆಳೆಯ ತಾಮ್ರದ ವಾಯರ್. ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಬೇಕು. ದೀಪದ ಬಳಿ ಹಾಕಿದರೆ ನಡುವಿನ ವಾಯರ್ ಉಜ್ಜಿ ಶಾರ್ಟ್ ಆದಾಗ ಅದು ಕಾಯುವುದಿಲ್ಲ. ಬ್ಯಾಟರಿ ಅಲುಗದಂತೆ ಪೆಟ್ಟಿಗೆಯಲ್ಲಿ ಬಿಗಿದಿರಬೇಕು. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಡುವುದರಿಂದ ಆ ಪೆಟ್ಟಿಗೆಗೆ ಗಾಳಿಯಾಡಬೇಕು.

2019ರಲ್ಲಿ ಹೊನ್ನಾವರಕ್ಕೆ ಹೋಗಿದ್ದೆ. ತಂದೆ ತೀರಿಹೋಗಿದ್ದ. ಶಿಷ್ಯನ ತಲೆಯೂ ನರೆತಿತ್ತು. ಹೊಸ ದೋಣಿಗೆ ಎಲ್‌ಇಡಿ ದೀಪ, ಜಿಪಿಎಸ್, ಮೀನು ಹುಡುಕುವ ಯಂತ್ರ ಎಲ್ಲ ಬಂದಿದ್ದವು. ವೈರಿಂಗ್ ತಾನೇ ಮಾಡಿದ್ದ. "ನೋಡಿ ಸರ್" ಎಂದು ಕೈಹಿಡಿದು ದೋಣಿಗೆ ಹತ್ತಿಸಿದ. ಕನ್ನಡಕ ಹಾಕಿಕೊಂಡು ತುದಿಯಿಂದ ತುದಿಗೆ ನೋಡಿದೆ. ಬಿಳಿದೀಪದ ವಾಯರ್ ಮೇಲಿನಿಂದ ನೇರವಾಗಿ ಸ್ವಿಚ್ಚಿನೊಳಗೆ ಇಳಿದಿತ್ತು. ನೀರು ಅದರಗುಂಟ ಒಳಗೇ ಹೋಗುತ್ತದೆ. ಸ್ವಿಚ್ಚಿಗಿಂತ ಕೆಳಗೆ ಒಂದು ಬಳಕು ಕೊಟ್ಟು ಮೇಲಕ್ಕೆ ತರಬೇಕು ಎಂದೆ. ಅವನು ಮಾತಾಡದೆ ಪಕ್ಕಡ್ ತೆಗೆದುಕೊಂಡು ಕುಳಿತ. ನಾನು ವಾಯರ್ ಹಿಡಿದುಕೊಂಡೆ.