ಕಳಿತ ಹಣ್ಣಿನ ಮೊದಲ ಗಿರಾಕಿ

ಮೇ ತಿಂಗಳು, ಬೆಳಗಿನ ಆರು ಗಂಟೆ. ರಾಯಚೂರಿನ ತೀನ್ ಕಂದೀಲ್ ಹತ್ತಿರ ಬಾಳೆಹಣ್ಣಿನ ಬಂಡಿಯ ಮುಂದೆ ನಿಂತಿದ್ದೀರಿ. ಬೇರೆ ಗಿರಾಕಿಗಳಿಲ್ಲ, ನೊಣಗಳು ಮಾತ್ರ ಆಗಲೇ ಬಂದಿವೆ. ಬಂಡಿಯವನು ನಿನ್ನೆ ಉಳಿದ ಹಣ್ಣಿನ ಮೇಲಿನ ಒದ್ದೆ ಗೋಣಿತಟ್ಟು ಎತ್ತುತ್ತಲೇ ಎಳ್ಳುಕಾಳಿನಷ್ಟು ನೊಣಗಳ ಹಿಂಡು ಮೇಲೆದ್ದು, ಒಂದು ಸುತ್ತು ಹಾಕಿ, ಮತ್ತೆ ಅಲ್ಲೇ ಕೂರುತ್ತದೆ.

'ಇವು ಕುಂತ್ವು ಅಂದ್ರ ಅರ್ಧ ರೇಟಿಗೆ ಕೊಡಬೇಕ್ರೀ ಅಣ್ಣಾ.'

ಬಗ್ಗಿ ನೋಡಿ. ಇಟ್ಟಿಗೆಗೆಂಪು ಕಣ್ಣು, ಹಳದಿ ಮೈ. ಗಟ್ಟಿ ಹಣ್ಣಿನ ಮೇಲೆ ಒಂದೂ ಇಲ್ಲ. ಸಿಪ್ಪೆ ಸೀಳಿ ರಸ ಒಸರಿದಲ್ಲಿ ಕಿಕ್ಕಿರಿದಿವೆ. ಅವಕ್ಕೆ ಬೇಕಾದದ್ದು ಆ ಸೀಳಿನಲ್ಲಿ ಸಕ್ಕರೆಯನ್ನು ಮದ್ಯ ಮಾಡುತ್ತಿರುವ ಯೀಸ್ಟ್. ಮೊಟ್ಟೆ ಇಡುವುದೂ ಅಲ್ಲೇ, ಹುಳು ಮೇಯುವುದೂ ಅಲ್ಲೇ. 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಮೊಟ್ಟೆ ಸುಮಾರು 10 ದಿನದಲ್ಲಿ ನೊಣವಾಗುತ್ತದೆ. ಮೇ ತಿಂಗಳ ರಾಯಚೂರಿನಲ್ಲಿ ಅಷ್ಟು ತಂಪು ಸಿಗಬೇಕಲ್ಲ!

ಇದು ಡ್ರೊಸೊಫಿಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ತಳಿಶಾಸ್ತ್ರದವರು ಇದೇ ಕುಲದ ನೊಣಗಳಿಗೆ ರವೆ, ಬೆಲ್ಲ, ಅಗರ್ ಕುದಿಸಿ ಬಡಿಸುತ್ತಾರೆ. ಇಲ್ಲಿ ಬೈಗುಳ ಬಡಿಸುತ್ತೇವೆ.

ಮಧ್ಯಾಹ್ನಕ್ಕೆ ಮಾನ್ವಿ. ಬಸ್ಸಿನ ಕಿಟಕಿಯ ಕಂಬಿ ಮುಟ್ಟುವಂತಿಲ್ಲ. ನೆಂಟರ ಮನೆಯ ಕತ್ತಲೆ ಕೋಣೆಯಲ್ಲಿ ನೆಲ್ಲುಹುಲ್ಲಿನ ನಡುವೆ ಮಾವು ಅಡಿ ಹಾಕಿದ್ದಾರೆ. ಅವ್ವ ಹುಲ್ಲು ಸರಿಸುತ್ತಾಳೆ; ಸಿಹಿಯ ಹಿಂದೆಯೇ ಹುಳಿತ ಘಾಟು ಮೂಗಿಗೆ ಬಡಿಯುತ್ತದೆ. 'ಸೋರಿದ್ದು ಆರಿಸಿ ತೆಗಿಯೋ ತಮ್ಮಾ, ಒಂದು ಕೊಳೆತ್ರ ಬಾಜೂದೂ ಕೊಳಿತಾವ.'

ಆದರೆ ಬೆಳಗಿನ ಆ ಗದ್ದಲವೇ ಇಲ್ಲಿಲ್ಲ. ನೀರಿನ ಮಡಕೆಯ ಹಿಂದೆ, ಗೋಡೆಯ ತೇವಕ್ಕೆ ಅಂಟಿಕೊಂಡು ನೊಣಗಳು ಸುಮ್ಮನೆ ಕೂತಿವೆ. ಬಿಸಿಲು ಏರಿದಷ್ಟೂ ಇವುಗಳ ಮಧ್ಯಾಹ್ನದ ನಿದ್ದೆ ಉದ್ದವಾಗುತ್ತದೆ, ಊರಿನವರ ಹಾಗೆಯೇ. ನಿದ್ದೆಯ ಹೊತ್ತು ಗೊತ್ತುಮಾಡುವ, ಜೀವಿಯ ಮೈಯೊಳಗಿನ ಗಡಿಯಾರ ಹೇಗೆ ನಡೆಯುತ್ತದೆಂದು ತೋರಿಸಿಕೊಟ್ಟದ್ದು ಈ ನೊಣದ ಜೀನುಗಳೇ. ಹಾಲ್, ರಾಸ್‌ಬಾಶ್, ಯಂಗ್ ಮೂವರಿಗೆ 2017ರ ನೊಬೆಲ್ ಬಂದದ್ದು ಅದಕ್ಕೆ. ಸೆಕೆ ನಿದ್ದೆ ಹೆಚ್ಚಿಸಿ ಸುಮ್ಮನಾಗುವುದಿಲ್ಲ. 30 ಡಿಗ್ರಿ ದಾಟಿದ ಕಾವಿನಲ್ಲೇ ಹುಳುವಾಗಿ ಬೆಳೆದ ಗಂಡು ನೊಣಗಳು ಸಂತಾನ ಕೊಡಲಾರದೆ ಹೋಗುತ್ತವೆ. ಅವುಗಳ ಸುಗ್ಗಿಯೇನಿದ್ದರೂ ಮುಂಗಾರು ಬಿದ್ದು ಹವೆ ತಣಿದ ಮೇಲೆ.

ಹೊತ್ತು ಇಳಿದಾಗ ದೇವದುರ್ಗದಲ್ಲಿ, ಜ್ಯೂಸ್ ಅಂಗಡಿಯ ಮುಂದೆ ಇದ್ದೀರಿ. ಮೊಸಂಬಿ ಸಿಪ್ಪೆಯ ಬಕೆಟ್ ತುಂಬಿದೆ; ನೊಣಗಳು ಎಚ್ಚೆತ್ತಿವೆ. ಬಕೆಟ್ಟಿನ ಅಂಚಿನಲ್ಲಿ ಗಂಡೊಂದು ಒಂದೇ ರೆಕ್ಕೆ ಚಾಚಿ ಕಂಪಿಸುತ್ತ ಹೆಣ್ಣಿನ ಹಿಂದೆ ಸುತ್ತುತ್ತಿದೆ. ಅದು ಅದರ ಹಾಡು, ನಮ್ಮ ಕಿವಿಗೆ ನಿಲುಕದು. ಹೆಣ್ಣು ಮುಂದೆ ಮುಂದೆ ನಡೆಯುತ್ತದೆ, ನಿಲ್ಲುತ್ತದೆ, ಮತ್ತೆ ನಡೆಯುತ್ತದೆ.

ಅಷ್ಟರಲ್ಲಿ ಎಲ್ಲಿಂದಲೋ ಬಂದ ಆಡು ಬಕೆಟ್ಟಿಗೆ ಬಾಯಿ ಹಾಕುತ್ತದೆ. ಅಂಗಡಿಯವನು ಅದನ್ನು ಓಡಿಸುವುದಿಲ್ಲ. ಸಿಪ್ಪೆ ಹೊತ್ತು ಹಾಕುವ ಕೆಲಸ ಉಳಿಯಿತಲ್ಲ. ಮೊಟ್ಟೆ, ಹುಳು ಸಮೇತ ಎಲ್ಲವನ್ನೂ ಆಡು ಅಗಿಯುತ್ತಿದೆ.